ಒದರಲಾರದ ಕೋಚ್ ಗೆಲ್ತಾನೇನ್ರಿ?

ಅಮೇರಿಕಾದಿಂದ ಬಂದು ತಿಂಗಳಾತು. ಸಿಕ್ಕವರೆಲ್ಲಾ ಕೇಳೂದು ಒಂದ, "ಏನೇನ ನೋಡಿದ್ರಿ ವೈನಿ?" ಅಂತ. ನಯಾಗರಾ ನೋಡಿಲ್ಲ, ನ್ಯೂಯಾರ್ಕ್ ನೋಡಿಲ್ಲ ಅಂದ್ರ ಮಾರಿ ಸಣ್ಣ ಮಾಡ್ತಾರ. ನನ್ನ ಮಗಳು ಇರೂದು ನೆಬ್ರಾಸ್ಕಾ ರಾಜ್ಯದ ಲಿಂಕನ್ ಅನ್ನೂ ಊರಾಗ. ಊರ ದಾಟಿದ್ರ ಎಲ್ಲಾ ಗೋವಿನಜೋಳದ ಹೊಲ, ಥೇಟ್ ನಮ್ಮ ಹಾವೇರಿ ಕಡೆ ಹೋದಂಗ ಅನಸ್ತದ. ಆರು ತಿಂಗಳು ಅಲ್ಲೆ ನಾ ನೋಡಿದ್ದು, ಕೇಳಿದ್ದು, ರಾತ್ರಿ ನಿದ್ದಿ ಕೆಡಿಸಿಕೊಂಡು ವಿಚಾರ ಮಾಡಿದ್ದು ಎಲ್ಲಾ ಒಂದ ವಿಷಯ. ಫುಟ್‌ಬಾಲ್! ನಗಬ್ಯಾಡ್ರಿ, ಪೂರಾ ಓದ್ರಿ.

ನನ್ನ ಮೊಮ್ಮಗಗ ಹತ್ತು ವರ್ಷ. ಅಲ್ಲೆ ತನ್ನ ಓಣಿ ಹುಡುಗೂರ ಟೀಮಿನ್ಯಾಗ ಆಡ್ತಾನ. ಅವರ ಕೋಚ್ ಒಬ್ಬ ಸಮಾಧಾನದ ಮನುಷ್ಯಾ. ಹುಡುಗ ಚೆಂಡು ಕೈಬಿಟ್ಟು ಬಂದ್ರ ತಾ ಮೊಣಕಾಲೂರಿ ಕೂತು, ಅವನ ಮಾರಿಗೆ ಮಾರಿ ಕೊಟ್ಟು ಏನೋ ಸಣ್ಣ ದನಿಲೆ ಹೇಳ್ತಾನ, ಬೆನ್ನು ತಟ್ಟಿ ಕಳಸ್ತಾನ. ಬಾಜೂ ಟೀಮಿನ ಕೋಚ್‌ನ ದನಿ ಮಾತ್ರ ನಾವು ಕಾರಿನ ಗ್ಲಾಸ್ ಏರಿಸಿಕೊಂಡು ಕೂತ್ರೂ ಕೇಳಸ್ತದ. ಆ ಟೀಮು ಮೂರು ಆಟ ಗೆದ್ದಿತ್ತು, ನಮ್ಮ ಹುಡುಗೂರು ಮೂರೂ ಸೋತಿದ್ರು.

ಒಂದಿನಾ ರಾತ್ರಿ ಊಟಕ್ಕ ಕೂತಾಗ ಅಳಿಯಂದಿರು, "ಮುಂದಿನ ವರ್ಷ ಇವನ್ನ ಆ ಟೀಮಿಗೆ ಹಾಕ್ತೀನಿ. ಈ ಕೋಚ್ ಭಾಳ ಮೆತ್ತಗ. ಈ ಆಟದಾಗ ಸಮಾಧಾನದಿಂದ ಏನೂ ಆಗಂಗಿಲ್ಲ" ಅಂದ್ರು. ಮೊಮ್ಮಗ ಚಪಾತಿ ಮುರಿಯೂದು ಬಿಟ್ಟು ತಾಟ ನೋಡಕೋತ ಕೂತ. ಮಗಳು ನನ್ನ ಕಡೆ ನೋಡಿದ್ಲು. ಅಳಿಯಂದಿರ ಮುಂದ, ಅದೂ ಅವರ ಮನ್ಯಾಗ, ನಾ ಏನ ಮಾತಾಡ್ಲಿ? "ಇನ್ನೊಂದಿಷ್ಟು ಪಲ್ಯಾ ಹಾಕಲೇನು" ಅಂತ ಮಾತು ತೇಲಿಸಿದೆ. ಆದ್ರ ಮನಸಿನ್ಯಾಗ ಅದು ಕೊರ್ಯಾಕ ಹತ್ತಿತು. ಒದರಲಾರದ ಮನುಷ್ಯಾ ಖರೇನ ಗೆಲ್ಲಂಗಿಲ್ಲೇನು?

ಮೊದಲ ಆಟದ್ದು ಒಂದೀಟು ಹೇಳ್ತೀನಿ. ಇದು ನಾವು ಟೀವಿಯೊಳಗ ನೋಡೂ ಕಾಲಿಲೆ ಒದಿಯೂ ಫುಟ್‌ಬಾಲ್ ಅಲ್ಲ. ಚೆಂಡು ಉದ್ದಕ ಇರ್ತದ, ಕೈಯಾಗ ಹಿಡಕೊಂಡು ಓಡತಾರ, ಒಬ್ಬರ ಮ್ಯಾಲೊಬ್ಬರು ಬೀಳತಾರ. ತಲಿಗೆ ಹೆಲ್ಮೆಟ್, ಭುಜಕ್ಕ ದಪ್ಪನ ಪ್ಯಾಡ್. ನಾಲ್ಕು ಸಲದಾಗ ಹತ್ತು ಗಜ ಮುಂದ ಹೋಗಬೇಕು, ಇಲ್ಲಂದ್ರ ಚೆಂಡು ಎದುರಿನವರಿಗೆ. ಕಡೀ ಗೆರಿ ದಾಟಿದ್ರ ಆರು ಪಾಯಿಂಟು. ಆಮ್ಯಾಲೆ ಕಾಲಿಲೆ ಒದ್ದು ಕಂಬದ ನಡುವ ಹೊಡದ್ರ ಒಂದು, ಮತ್ತೊಮ್ಮೆ ಗೆರಿ ದಾಟಿಸಿದ್ರ ಎರಡು. ಇಷ್ಟು ತಿಳದ್ರ ಸಾಕು, ನನಗೂ ಇಷ್ಟ ತಿಳದದ್ದು.

ಅಲ್ಲೆ ಕಾಲೇಜ್ ಹುಡುಗೂರ ಆಟ ಅಂದ್ರ ನಮ್ಮ ಕಾಲೇಜ್ ಗ್ಯಾದರಿಂಗ್ ಇದ್ದಂಗಲ್ಲ. ಲಿಂಕನ್‌ದಾಗ ಯುನಿವರ್ಸಿಟಿದು ಮೆಮೋರಿಯಲ್ ಸ್ಟೇಡಿಯಂ ಅದ, 80 ಸಾವಿರಕ್ಕಿಂತ ಜಾಸ್ತಿ ಮಂದಿ ಹಿಡಸ್ತಾರ. 1962ರಿಂದ ಇಲ್ಲೀತನಕ ಅಲ್ಲಿ ಒಂದೂ ಆಟಕ್ಕ ಟಿಕೀಟು ಉಳದಿಲ್ಲ. ಶನಿವಾರ ಬಂತಂದ್ರ ಸಣ್ಣ ಕೂಸಿನಿಂದ ಹಿಡದು ಕೋಲು ಹಿಡದ ಮುದುಕರತನಕ ಎಲ್ಲಾರೂ ಕೆಂಪಂಗಿ. ಸರ್ಕಾರಿ ಯುನಿವರ್ಸಿಟಿ ಆದ್ರೂ ಕೋಚ್‌ನ ಪಗಾರ ಕೋಟಿಗಟ್ಟಲೆ. ಅಷ್ಟು ಕೊಟ್ಟ ಮ್ಯಾಲೆ ಮಂದಿ ಸುಮ್ಮನ ಬಿಡ್ತಾರೇನು? ಎರಡು ವರ್ಷ ಸೋತ್ರ ಮನಿಗೆ ಕಳಸ್ತಾರ.

ಮಗಳ ಎದುರುಮನ್ಯಾಗ ಒಬ್ಬ ಅಜ್ಜಿ ಇದ್ದಾರ, ಸಾಲಿ ಟೀಚರಾಗಿ ರಿಟೈರ್ ಆದವರು. ನನ್ನ ಚಹಾ ಅಂದ್ರ ಅವರಿಗೆ ಜೀವ. ನನ್ನ ಪಿಯುಸಿ ಇಂಗ್ಲೀಷು, ಅವರ ತಾಳ್ಮಿ, ಎರಡೂ ಸೇರಿ ನಮ್ಮ ಹರಟಿ ನಡೀತಿತ್ತು. ನನ್ನ ಪ್ರಶ್ನೆ ಅವರ ಮುಂದ ಇಟ್ಟೆ. ಮಾತಾಡದ ನನ್ನ ಕಾರಿನ್ಯಾಗ ಕೂಡಿಸಿಕೊಂಡು ಸ್ಟೇಡಿಯಂ ಹತ್ರ ಒಂದು ಮೂರ್ತಿ ಮುಂದ ತಂದು ನಿಲ್ಲಿಸಿದ್ರು. ಒಬ್ಬ ಕೋಚ್, ಬಾಜೂಕ ಒಬ್ಬ ಆಟಗಾರ ಹುಡುಗ. ಆ ಕೋಚ್ ಟಾಮ್ ಆಸ್ಬಾರ್ನ್. ಅವರ ಹೆಸರನ್ನ ಆ ಮೈದಾನಕ್ಕೂ ಇಟ್ಟಾರ.

ಈ ಆಸ್ಬಾರ್ನ್ ಅವರು ಅದ ನೆಬ್ರಾಸ್ಕಾದ ಹೇಸ್ಟಿಂಗ್ಸ್ ಅನ್ನೂ ಊರವರು. ಎಜುಕೇಶನಲ್ ಸೈಕಾಲಜಿಯೊಳಗ ಡಾಕ್ಟರೇಟ್ ಮಾಡಿದವರು. ಅಂದ್ರ ಮಕ್ಕಳು ಹೆಂಗ ಕಲೀತಾರ ಅನ್ನೂದನ್ನ ಓದಿ ಬಂದವರು. 1973ರಿಂದ 1997ರ ತನಕ 25 ವರ್ಷ ಕೋಚ್ ಆಗಿದ್ರು. 255 ಆಟ ಗೆದ್ದರು, 49 ಸೋತರು, 3 ಸಮಾ ಆದವು. ಒಂದ ವರ್ಷನೂ ಒಂಬತ್ತಕ್ಕಿಂತ ಕಡಿಮಿ ಗೆದ್ದಿಲ್ಲ. 1994, 1995, 1997, ಮೂರು ಸಲ ದೇಶಕ್ಕ ಒಂದನೇ ನಂಬರು. ಮೈದಾನದ ಅಂಚಿಗೆ ನಿಂತಾಗ ಗೆಲ್ಲಲಿ ಸೋಲಲಿ ಮಾರಿ ಮ್ಯಾಲೆ ಒಂದ ಕಳೆ. ಬಾಯಾಗ ಹೊಲಸು ಬೈಗುಳ ಇಲ್ಲ.

ಮನಿಗೆ ಬಂದು ಇದನ್ನ ಹೇಳಿದ್ರ ಅಳಿಯಂದಿರು, "ಅವರೊಬ್ಬರು ಇರಬಹುದು ಅತ್ತೀ, ಆದ್ರ ಮೊದಲನೇ ಟೈಟಲ್ ಬರಲಿಕ್ಕೆ ಎಷ್ಟು ವರ್ಷ ಹಿಡೀತು ಕೇಳ್ರಿ" ಅಂದ್ರು. ಕೇಳಿದೆ. 22ನೇ ವರ್ಷಕ್ಕ ಬಂತು! ಮೊದಲಿನ ಐದು ವರ್ಷ ಓಕ್ಲಹೋಮಾ ಟೀಮಿನ ಕೂಡ ಒಂದ ಸಮನ ಸೋತಾರ. ವರ್ಷದ ಕಡೀಕ ಆಗೂ ದೊಡ್ಡ ಆಟಕ್ಕ ಬೌಲ್ ಅಂತಾರ. 1987ರ ಸೀಸನ್‌ದಿಂದ 1993ರ ಸೀಸನ್ ತನಕ ಸಾಲಾಗಿ ಏಳು ಬೌಲ್ ಸೋತಾರ. ಆವಾಗ ಊರ ಮಂದಿ ಅಂದದ್ದೂ ಅಳಿಯಂದಿರ ಮಾತ. ಛೊಲೊ ಮನುಷ್ಯಾ, ಆದ್ರ ದೊಡ್ಡ ಆಟ ಗೆಲ್ಲೂ ಕಿಚ್ಚಿಲ್ಲ ಅಂತ.

ಕಿಚ್ಚು ಇರಲಿಲ್ಲೇನು? 1984ರ ಜನೇವರಿ 2ರ ಆಟ ಕೇಳ್ರಿ. ಮಯಾಮಿ ಟೀಮಿನ ಕೂಡ ಆರೆಂಜ್ ಬೌಲ್. ಆ ವರ್ಷ ನೆಬ್ರಾಸ್ಕಾ ಒಂದೂ ಆಟ ಸೋತಿರಲಿಲ್ಲ. ಕಡೀಕ ಒಂದು ನಿಮಿಷನೂ ಉಳದಿಲ್ಲ, ಮಯಾಮಿ 31, ನೆಬ್ರಾಸ್ಕಾ 30. ಒದ್ದು ಒಂದು ಪಾಯಿಂಟ್ ತಗೊಂಡ್ರ ಆಟ ಸಮಾ ಆಗತಿತ್ತು, ಟೈಟಲ್ ಹೆಚ್ಚೂಕಡಿಮಿ ಕೈಯಾಗ ಇತ್ತು. ಆಸ್ಬಾರ್ನ್ ಅವರು ಎರಡು ಪಾಯಿಂಟಿಗೆ ಹೋದ್ರು. ಸಮಾ ಮಾಡಿಕೊಂಡು ಒಂದನೇ ನಂಬರು ಅನಸ್ಕೊಳ್ಳೂದು ಅವರಿಗೆ ಬ್ಯಾಡಾಗಿತ್ತು. ಎಸದ ಚೆಂಡಿಗೆ ಎದುರಿನವನ ಕೈ ತಾಗಿತು, ಆಟಾ ಹೋತು, ಟೈಟಲ್ಲೂ ಹೋತು. ಒದರವರು ಮಾತ್ರ ಧೈರ್ಯದವರು ಅನ್ನವರಿಗೆ ನಾ ಈ ಕಥಿ ಹೇಳ್ತೀನಿ.

ಹಂಗಂತ ಒದರವರು ಗೆಲ್ಲಂಗಿಲ್ಲ ಅಂದ್ರ ಅದು ಸುಳ್ಳಾಗ್ತದ. ನಿಕ್ ಸೇಬನ್ ಅಂತ ಒಬ್ಬರು, ಮೈದಾನದ ಅಂಚಿಗೆ ಕೆಂಪಗಾಗಿ ಚೀರತಿದ್ರು, ಏಳು ಸಲ ದೇಶ ಗೆದ್ದಾರ. ಒಹಾಯೋದ ವುಡಿ ಹೇಯ್ಸ್ 28 ವರ್ಷ ಅಲ್ಲೆ ಕೋಚ್ ಆಗಿದ್ದು 200ಕ್ಕೂ ಹೆಚ್ಚು ಆಟ ಗೆದ್ದಾರ. ಆದ್ರ ಅವರ ಸಿಟ್ಟು ಎಲ್ಲಿಗೆ ತಂದು ಬಿಟ್ಟಿತು ನೋಡ್ರಿ. 1978ರ ಡಿಸೆಂಬರ್ 29ಕ್ಕ, ತಮ್ಮ ಟೀಮಿನ ಚೆಂಡು ಹಿಡದ ಎದುರು ಟೀಮಿನ ಹುಡುಗಗ, ಎಲ್ಲಾರೂ ಟೀವಿಯೊಳಗ ನೋಡೂ ಮುಂದ, ಕೈಲೆ ಗುದ್ದಿದ್ರು. ಮರುದಿನ ಕೆಲಸಾ ಹೋತು. 28 ವರ್ಷದ ದುಡಿಮಿ ಅಂದ್ರ ಇವತ್ತಿಗೂ ಮಂದಿಗೆ ಮೊದಲ ನೆನಪಾಗೂದು ಆ ಗುದ್ದು.

ಸಮಾಧಾನದವರೆಲ್ಲಾ ಗೆಲ್ತಾರ ಅನ್ನೂದೂ ಸುಳ್ಳ. ಲಿಂಕನ್‌ದಾಗನ ನೋಡ್ರಿ. ಬೋ ಪೆಲೀನಿ ಅಂತ ಕೋಚ್ ಇದ್ರು, ಸಿಟ್ಟಿಗೆ ಹೆಸರಾದವರು. ಏಳು ವರ್ಷ, ಪ್ರತಿ ವರ್ಷ ಒಂಬತ್ತರೆ ಹತ್ತರೆ ಆಟ ಗೆದ್ದರು. 2014ಕ್ಕ ಅವರನ್ನ ತಗದು ಮೈಕ್ ರೈಲಿ ಅನ್ನವರನ್ನ ತಂದ್ರು. ದೇವರಂಥಾ ಮನುಷ್ಯಾ ಅಂತ ಎಲ್ಲಾರೂ ಹೊಗಳವರ. ಮೂರು ವರ್ಷದಾಗ 19 ಗೆದ್ದು 19 ಸೋತರು, ಅವರನ್ನೂ ಕಳಿಸಿದ್ರು. ಅಂದ್ರ ತಂಪು ಸ್ವಭಾವ ಒಂದ ಇದ್ರ ಸಾಲಂಗಿಲ್ಲ.

ನನಗ ತಿಳದದ್ದು ಇಷ್ಟು. ಬೇಸನ್ ಉಂಡಿಗೆ ಹಿಟ್ಟು ಹುರಿಯೂ ಮುಂದ ಉರಿ ಸಣ್ಣದ ಇಡ್ತೀವಿ. ದೊಡ್ಡ ಉರಿ ಇಟ್ರ ಮ್ಯಾಲೆ ಕೆಂಪಾಗ್ತದ, ಒಳಗ ಹಸೀ ಉಳೀತದ. ಆದ್ರ ಸಣ್ಣ ಉರಿ ಇಟ್ಟು ಟೀವಿ ಮುಂದ ಹೋಗಿ ಕೂತ್ರ? ತಳಾ ಹತ್ತತದ. ಸಣ್ಣ ಉರಿ ಇಟ್ಟವರು ಒಲಿ ಮುಂದ ನಿಂತು ಕೈಯಾಡಸ್ತಿರಬೇಕು. ಆಸ್ಬಾರ್ನ್ ಅವರು ಹಂಗ ನಿಂತವರು. ಸ್ಕಾಲರ್‌ಶಿಪ್ ಸಿಗಲಾರದ ಹಳ್ಳಿ ಹುಡುಗೂರೂ ತಮ್ಮ ಖರ್ಚಿನಾಗ ಬಂದು ಆ ಟೀಮು ಸೇರತಿದ್ರು, ಅವರಿಗೆ ವಾಕ್-ಆನ್ ಅಂತಾರ. ಅಂಥಾ ಹುಡುಗೂರನ್ನೂ ಮೂಲ್ಯಾಗ ಕೂಡಸದ ದಿನಾ ಪ್ರಾಕ್ಟೀಸ್ ಕೊಟ್ಟು, ವರ್ಷಗಟ್ಟಲೆ ತಿದ್ದಿ ತಯಾರ ಮಾಡಿದ್ರು. ಅವರ ದನಿ ಸಣ್ಣದಿತ್ತು, ಕೆಲಸದಾಗ ಸಡಿಲ ಇರಲಿಲ್ಲ.

ಆದ್ರ ಒಂದು ಮಾತು ಬಿಟ್ಟು ಹೋದ್ರ ನಾ ಹೆಂಗಸಾಗಿ ಬರದದ್ದು ಸುಳ್ಳಾಗ್ತದ. ಆ ಎದುರುಮನಿ ಅಜ್ಜೀನ ದನಿ ಇಳಿಸಿ ಹೇಳಿದ್ರು. 1995ರಾಗ ಅವರ ಟೀಮಿನ ಒಬ್ಬ ದೊಡ್ಡ ಆಟಗಾರ ತನ್ನ ಹಿಂದಿನ ಗೆಳತಿಯನ್ನ ಹೊಡದು ಬಡದು ಮಾಡಿದ, ಕೋರ್ಟ್ ಕೇಸ್ ಆತು. ಆಸ್ಬಾರ್ನ್ ಅವರು ಅವನ್ನ ಕೆಲವು ಆಟ ಹೊರಗ ಕೂಡಿಸಿದ್ರು, ಅದ ಸೀಸನ್‌ದಾಗ ವಾಪಸ್ ಕರಕೊಂಡ್ರು. ಟೀಮು ಬಿಟ್ರ ಆ ಹುಡುಗಗ ಹಿಡತಕ್ಕ ಬ್ಯಾರೆ ಏನೂ ಇಲ್ಲ ಅನ್ನೂದು ಅವರ ವಿಚಾರ. ದೇಶದ ತುಂಬ ಮಂದಿ ಅವರನ್ನ ಬೈದ್ರು. ಮುಂದ ಆ ಹುಡುಗನ ಬದುಕು ಜೇಲಿನ್ಯಾಗ ಮುಗೀತು.

ನಾನೂ ಇದನ್ನ ತಪ್ಪು ಅಂತನ ಹೇಳ್ತೀನಿ. ಹುಡುಗಗ ಬುದ್ಧಿ ಹೇಳೂದು ಬ್ಯಾರೆ, ಕೆಂಪಂಗಿ ಹಾಕಿಸಿ ಮೈದಾನಕ್ಕ ಇಳಿಸೂದು ಬ್ಯಾರೆ. ಹೊಡೆತಾ ತಿಂದ ಆ ಹುಡುಗಿ ಟೀವಿ ಹಚ್ಚಿದ್ರ ಅವಳಿಗೆ ಏನು ಕಾಣತಿತ್ತು? ನಮ್ಮ ಮನಿಗಳೊಳಗೂ ಇದು ಇಲ್ಲೇನ್ರಿ? "ನಮ್ಮ ಮಾವನವರು ಭಾಳ ಸಮಾಧಾನದವರು, ಯಾರಿಗೂ ಎದುರು ಮಾತಾಡಂಗಿಲ್ಲ" ಅಂತೀವಿ. ಮಗ ಸೊಸಿ ಮ್ಯಾಲೆ ಕೈ ಎತ್ತಿದಾಗನೂ ಪೇಪರ್ ಓದಕೋತ ಕೂತಿರ್ತಾರ. ಅದಕ್ಕ ಸಮಾಧಾನ ಅಂತ ಹೆಸರಿಡಬ್ಯಾಡ್ರಿ.

ಇನ್ನ ನನ್ನ ಮನಿ ಮಾತು. ಈಗ ಸಮಾಧಾನದ ಬಗ್ಗೆ ಇಷ್ಟು ಬರೀತೀನಿ, ಆದ್ರ ಮಗಳನ್ನ ಬೆಳಸೂ ಮುಂದ ನಾ ಬಾಜೂ ಟೀಮಿನ ಕೋಚ್ ಆಗಿದ್ದೆ. ಮಗ್ಗಿ ತಪ್ಪಿದ್ರ ನನ್ನ ದನಿ ಓಣಿ ಕಡೀ ಮನಿಗೆ ಕೇಳತಿತ್ತು, ನಿಮ್ಮೊಳಗ ಎಷ್ಟೋ ಮಂದಿಗೆ ನೆನಪಿದ್ದೀತು. ಅಕಿ ಏಳನೇತ್ತಾ ಇದ್ದಾಗ ದೀಪಾವಳಿಗೆ ಸುಣ್ಣಾ ಹಚ್ಚಲಿಕ್ಕೆ ಟ್ರಂಕ್ ಸರಿಸಿದ್ರ ಹಿಂದ ಒಂದು ಮಡಿಚಿದ ಕಾಗದ. ಗಣಿತದ ಪೇಪರ್, 100ಕ್ಕ 18. ಕೆಳಗ ನನ್ನ ಸಹಿ, ನಾ ಮಾಡಿದ್ದಲ್ಲ. ಆವತ್ತೂ ಒದರಿದೆ. ಆದ್ರ ರಾತ್ರಿ ಮಲಕೊಂಡಾಗ ಅನಿಸಿತು, ಇಷ್ಟು ದಿನಾ ನಾ ಒದರಿದ್ದು ಅಕಿಗೆ ಗಣಿತಾ ಕಲಿಸಿಲ್ಲ, ಮುಚ್ಚಿಡೂದು ಕಲಿಸೇದ. ಲೆಕ್ಕ ಎಲ್ಲೆ ತಪ್ಪತದ ಅಂತ ಅಕಿ ಮೊದಲ ಬಂದು ಹೇಳಿದ್ರ ತಿದ್ದಬಹುದಿತ್ತಲ್ಲಾ.

ಆಟದಾಗೂ ಅದ. ತಲಿಗೆ ಪೆಟ್ಟು ಬಿದ್ದ ಹುಡುಗ, ಕೋಚ್ ಬೈತಾನ ಅಂತ ಅಂಜಿ "ಏನೂ ಆಗಿಲ್ಲ" ಅಂದ್ರ? ಈ ಫುಟ್‌ಬಾಲ್‌ದಾಗ ತಲಿ ಪೆಟ್ಟು ಸಣ್ಣ ಮಾತಲ್ಲ. ಅಂಜಿಕಿ ಇದ್ದಲ್ಲೆ ಹುಡುಗ ತನ್ನ ತಪ್ಪೂ ಹೇಳಂಗಿಲ್ಲ, ನೋವೂ ಹೇಳಂಗಿಲ್ಲ.

ಹೊರಡೂ ಹಿಂದಿನ ದಿನಾ ಮುಂಜಾನೆ ಚಹಾ ಕೊಡೂ ಮುಂದ ಧೈರ್ಯ ಮಾಡಿ ಅಳಿಯಂದಿರಿಗೆ ಹೇಳಿದೆ. "ಆ ಕೋಚ್ ಮೆತ್ತಗಿದ್ದಾನೋ ಗಟ್ಟಿ ಇದ್ದಾನೋ ಬಿಡ್ರಿ. ಹೋದ ವಾರದ ತಪ್ಪು ಈ ವಾರ ತಿದ್ದತಾನೋ ಇಲ್ಲೋ ನೋಡ್ರಿ. ಒಬ್ಬ ಹುಡುಗ ಇನ್ನೊಬ್ಬನ್ನ ದೂಡಿದ್ರ ಆಟಾ ನಿಲ್ಲಸ್ತಾನೋ ಇಲ್ಲೋ ನೋಡ್ರಿ. ಎರಡೂ ಮಾಡ್ತಿದ್ರ ಬಿಡಿಸಬ್ಯಾಡ್ರಿ." ಅವರು ಚಹಾ ಕುಡದು, "ನೋಡೋಣ ಅತ್ತೀ" ಅಂದ್ರು. ಹೂಂ ಅನಲಿಲ್ಲ, ಊಹೂಂನೂ ಅನಲಿಲ್ಲ.

ಹೋದ ಐತವಾರ ಮೊಮ್ಮಗ ವಿಡಿಯೋ ಕಾಲ್ ಮಾಡಿದ್ದ. "ಅಜ್ಜಿ, ಇವತ್ತ ಎರಡು ಸಲಾ ಚೆಂಡು ಕೈಬಿಟ್ಟೆ. ಬೆರಳು ಹೆಂಗ ಇಡಬೇಕಂತ ಕೋಚ್ ತೋರಿಸ್ಯಾರ, ನೋಡಿಲ್ಲೆ" ಅಂತ ಫೋನಿನ ಮುಂದ ಬೆರಳು ಹಿಡದ. ಗೆದ್ದರೋ ಸೋತರೋ ಕೇಳೂದು ನನಗ ಮರತ ಹೋತು. ಬಾಜೂಕ ಅವರಪ್ಪ ಕೂತಿದ್ರು, ಅವರ ಮುಂದನ ಹೇಳಿದ. ಮುಚ್ಚಿಡಲಿಲ್ಲ.

ಮುಂದಿನ ವರ್ಷ ಯಾವ ಟೀಮು ಅಂತ ಇನ್ನೂ ಗೊತ್ತಿಲ್ಲ. ಗೊತ್ತಾದ ಮ್ಯಾಲೆ ಬರೀತೀನಿ. ಅಲ್ಲೀತನಕ ನಿಮ್ಮ ಮನ್ಯಾಗ ಟ್ರಂಕ್ ಹಿಂದ ಏನರೆ ಸಿಕ್ಕಿತ್ತೇನು, ನೀವೂ ಹೇಳ್ರಿ.