ದೀಪ ಉರಿದರೆ ಸಾಲದು

ಜೆ. ಪಿ. ನಗರದಲ್ಲಿ ನಮ್ಮ ಮಾವನವರದೊಂದು ಮನೆಯುಂಟು. ಅದರ ನೆಲಮಾಳಿಗೆಯ ಶೌಚಗೃಹವು ಬೀದಿಯ ಒಳಚರಂಡಿ ಕೊಳವೆಗಿಂತ ತಗ್ಗಿನಲ್ಲಿದೆ. ದಕ್ಷಿಣ ಬೆಂಗಳೂರಿನ ನೆಲ ಸಮತಟ್ಟಲ್ಲವೆಂಬುದನ್ನು ವಾಚಕರು ಬಲ್ಲರು. ಬನಶಂಕರಿಯ ಕಡೆಯ ಕೊಳಚೆಯು ವೃಷಭಾವತಿ ಕಣಿವೆಗೂ, ಜಯನಗರ, ಬಿ. ಟಿ. ಎಂ. ಬಡಾವಣೆಗಳ ಕಡೆಯದು ಬಹುಮಟ್ಟಿಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಗೂ ಇಳಿಜಾರನ್ನು ನಂಬಿಯೇ ಹರಿಯುತ್ತದೆ. ಕೊಳವೆಗಿಂತ ಕೆಳಗೆ ಮನೆ ಕಟ್ಟಿದವನಿಗೆ ಇಳಿಜಾರಿನ ನೆರವಿಲ್ಲ. ಹೊಲಸನ್ನು ಒಂದು ತೊಟ್ಟಿಯಲ್ಲಿ ಹಿಡಿದಿಟ್ಟು ಪಂಪಿನಿಂದ ಮೇಲಕ್ಕೆತ್ತಬೇಕು. ಸಮುದ್ರಯಾನದ ದೋಣಿಗಳಲ್ಲಿಯೂ ಏರ್ಪಾಡು ಇದೇ. ಅಲ್ಲಿ ಶೌಚಗೃಹವು ಹಲವು ವೇಳೆ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಹೊಲಸು ತೊಟ್ಟಿಯಲ್ಲಿ ಶೇಖರವಾಗಿ, ದಡ ಸೇರಿದ ಮೇಲೆ ಪಂಪಿನ ಮೂಲಕ ಹೊರಬೀಳುತ್ತದೆ. ಹಲವು ವರ್ಷ ದಡದ ಮೇಲೆ ನಿಂತ ದೋಣಿಗೂ ಆರು ವರ್ಷ ಬೀಗ ಬಿದ್ದಿದ್ದ ಈ ಮನೆಗೂ ಬಂದ ರೋಗ ಒಂದೇ: ತೊಟ್ಟಿಯ ಹೊಲಸು ಗಟ್ಟಿಯಾಗಿತ್ತು, ಪಂಪು ತಿರುಗಲೊಲ್ಲದಾಗಿತ್ತು.

ರಿಪೇರಿಗೆ ಬಂದವರು ಮುಚ್ಚಳವನ್ನು ಸ್ವಲ್ಪ ಸರಿಸಿ ನೋಡಿ, "ಪಂಪನ್ನು ತಳದಲ್ಲಿ ಸಿಮೆಂಟಿಗೆ ಬಿಗಿದಿದ್ದಾರೆ, ಸಾರ್. ಒಬ್ಬನನ್ನು ಇಳಿಸಿದರೆ ಅರ್ಧ ಗಂಟೆಯ ಕೆಲಸ. ಮೊದಲು ದೀಪ ಬಿಟ್ಟು ನೋಡುತ್ತೇವೆ. ಉರಿದರೆ ಏನೂ ಭಯವಿಲ್ಲ" ಎಂದರು. ಮಾವನವರು ನಮ್ಮ ಮುಖ ನೋಡಿದರು. ತರಗತಿಯಲ್ಲಿ ವಾಯುಗಳ ಗುಣಗಳನ್ನು ಬೋಧಿಸುವ ನಾವೂ ಒಂದು ನಿಮಿಷ ತಲೆದೂಗಿದೆವೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಈ ಲೇಖನಕ್ಕೆ ಆ ಒಂದು ನಿಮಿಷವೇ ಕಾರಣ.

ದೀಪದ ಪರೀಕ್ಷೆ ಹಳೆಯದು. ಬಾವಿ ತೋಡುವವರಿಂದ ಬಂದದ್ದು. ಅದು ಹೇಳುವುದಾದರೂ ಏನು? ಶುದ್ಧ ವಾಯುವಿನಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು 21 ಭಾಗ. ಅದು 16ರ ಆಸುಪಾಸಿಗೆ ಇಳಿದಾಗ ಮೇಣದ ಬತ್ತಿ ಆರುತ್ತದೆ. ದೀಪವು ಉತ್ತರ ಕೊಡುವುದು ಈ ಒಂದು ಪ್ರಶ್ನೆಗೆ ಮಾತ್ರ. ಹೊಲಸಿನ ತೊಟ್ಟಿಯಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ.

ಆಮ್ಲಜನಕ ದೊರೆಯದ ಕೆಸರಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಸಲ್ಫೇಟ್ ಲವಣಗಳಿಂದ ಆಮ್ಲಜನಕವನ್ನು ಸೆಳೆದುಕೊಂಡು ಹೈಡ್ರೊಜನ್ ಸಲ್ಫೈಡನ್ನು ಉಳಿಸುತ್ತವೆ. ಪ್ರಯೋಗಶಾಲೆಯಲ್ಲಿ ಕಿಪ್ಪನ ಉಪಕರಣವನ್ನು ಕಂಡ ವಿದ್ಯಾರ್ಥಿಗಳಿಗೆ ಆ ಕೊಳೆತ ಮೊಟ್ಟೆಯ ವಾಸನೆ ಪರಿಚಿತವೇ. ವಾಯುವಿಗಿಂತ ಇದು ಸುಮಾರು 1.2ರಷ್ಟು ಭಾರವಾದುದರಿಂದ ತಗ್ಗಿನಲ್ಲಿ ತಂಗುತ್ತದೆ. ಹತ್ತು ಲಕ್ಷ ಭಾಗ ವಾಯುವಿನಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮೂಗು ಇದನ್ನು ಗುರುತಿಸುತ್ತದೆ. ಸುಮಾರು 100 ಭಾಗವನ್ನು ಮುಟ್ಟಿದಾಗ ಮೂಗಿನ ನರವೇ ಮರಗಟ್ಟಿ ವಾಸನೆ ಮಾಯವಾಗುತ್ತದೆ. "ಈಗ ವಾಸನೆ ಹೋಯಿತು, ಇಳಿಯಬಹುದು" ಎಂಬ ಮಾತು ಎಷ್ಟು ಭಯಂಕರವೆಂಬುದನ್ನು ಇದರಿಂದ ಊಹಿಸಬಹುದು. 700 ಭಾಗದಲ್ಲಿ ಮನುಷ್ಯನು ಕೆಲವೇ ನಿಮಿಷಗಳಲ್ಲಿ ಕುಸಿಯುತ್ತಾನೆ. 1000ವನ್ನು ದಾಟಿದರೆ ಒಂದೆರಡು ಉಸಿರೇ ಸಾಕಾದೀತು. ಈ 700 ಭಾಗವೆಂದರೆ ನೂರಕ್ಕೆ 0.07. ಅಷ್ಟರಿಂದ ದೀಪದ ಕುಡಿ ಅಲುಗುವುದೂ ಇಲ್ಲ. ದೀಪ ನೆಟ್ಟಗೆ ಉರಿಯುತ್ತಿರುವಾಗಲೇ ಅದರ ಪಕ್ಕದಲ್ಲಿ ನಿಂತವನು ಸಾಯಬಹುದು. ಇನ್ನು ಮೀಥೇನ್ ನೂರಕ್ಕೆ 5ರಿಂದ 15 ಭಾಗದಷ್ಟು ಸೇರಿದ್ದರೆ ಅದೇ ದೀಪ ತೊಟ್ಟಿಯನ್ನು ಸಿಡಿಸುತ್ತದೆ.

ಬಹುಕಾಲ ಮುಚ್ಚಿದ ತೊಟ್ಟಿಯಲ್ಲಿ ಇನ್ನೊಂದು ಅಪಾಯವುಂಟು. ಮೇಲುಗಡೆ ಒಣಗಿ ಹೆಪ್ಪುಗಟ್ಟಿದ ಪದರದ ಕೆಳಗೆ ವಾಯುಗಳು ಗುಳ್ಳೆಗಳಾಗಿ ಸೆರೆಯಾಗಿರುತ್ತವೆ. ಗೋಲಿ ಸೋಡದ ಗೋಲಿಯನ್ನು ಒತ್ತಿದೊಡನೆ ಏನಾಗುವುದೆಂದು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಳಿದವನ ಮೊದಲ ಹೆಜ್ಜೆಯೇ ಆ ಪದರವನ್ನು ಒಡೆಯುತ್ತದೆ. ಇಳಿಯುವ ಮುನ್ನ ಮಾಡಿದ ಯಾವ ಪರೀಕ್ಷೆಯೂ ಆ ಕ್ಷಣಕ್ಕೆ ಅನ್ವಯಿಸದು. ಬಿದ್ದವನನ್ನು ಎತ್ತಲೆಂದು ಧುಮುಕಿದ ಎರಡನೆಯವನೂ ಮೂರನೆಯವನೂ ಮಡಿದ ಸುದ್ದಿಗಳನ್ನು ನಾವೆಲ್ಲರೂ ಓದಿದ್ದೇವೆ.

ಹೀಗೆ ಇಳಿಯುವವರು ಯಾರು? ಬಹುಪಾಲು ದಲಿತರೇ; ಇದನ್ನು ಹೇಳದೆ ವಾಯುವಿನ ಲೆಕ್ಕವನ್ನು ಮಾತ್ರ ಬರೆದರೆ ವಿಜ್ಞಾನವೂ ಅರ್ಧವೇ. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಲ್ಲಿಸಲು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿಯೇ ಮಂತ್ರಿ ಬಿ. ಬಸವಲಿಂಗಪ್ಪನವರು ಮುಂದಾದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಇದೇ ಹೋರಾಟಕ್ಕಾಗಿ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. 2013ರ ಕಾಯಿದೆಯು ರಕ್ಷಣಾ ಸಾಮಗ್ರಿಯಿಲ್ಲದೆ ಯಾರನ್ನೂ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸಕೂಡದೆನ್ನುತ್ತದೆ. ಈ ನಿಷೇಧ ನಗರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ವಿಧಿಸಿತು. ಆದರೂ "ಒಬ್ಬನನ್ನು ಇಳಿಸಿದರೆ" ಎಂಬ ಮಾತು ನಮ್ಮ ಬಡಾವಣೆಗಳಲ್ಲಿ ಇಷ್ಟು ಸಲೀಸಾಗಿ ಬರುತ್ತಿದೆ.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಸಕ್ಕಿಂಗ್ ಯಂತ್ರದ ಲಾರಿಯನ್ನೇ ನೋಡಿ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡವು ನೀರನ್ನು 10.3 ಮೀಟರ್ ಎತ್ತರಕ್ಕೆ ಎತ್ತಬಲ್ಲದು. 920 ಮೀಟರ್ ಎತ್ತರದ ನಮ್ಮ ಊರಿನಲ್ಲಿ ಸುಮಾರು 9.3 ಮೀಟರ್. ಕೊಳವೆಯ ಘರ್ಷಣೆ, ಹೊಲಸಿನ ಸಾಂದ್ರತೆ ಎಲ್ಲವನ್ನೂ ಕಳೆದರೂ ಆರೇಳು ಮೀಟರ್ ಉಳಿಯುತ್ತದೆ. ನಮ್ಮ ತೊಟ್ಟಿಯ ಆಳವೋ ಮೂರೇ ಮೀಟರ್. ಗಟ್ಟಿಯಾದ ಕೆಸರು ಹರಿಯದೆಂಬುದು ನಿಜ. ಅದಕ್ಕೆ ಮೇಲಿನಿಂದಲೇ ರಭಸದ ನೀರು ಹಾಯಿಸಿ ಕರಗಿಸಬೇಕು. ನಾವು ಹಾಗೆಯೇ ಮಾಡಿಸಿದೆವು. ಮುಚ್ಚಳಗಳೆರಡನ್ನೂ ತೆಗೆಸಿ, ಬೆಂಕಿಯನ್ನೂ ಮಕ್ಕಳನ್ನೂ ದೂರವಿಟ್ಟು, ಒಂದು ದಿನ ಗಾಳಿಯಾಡಲು ಬಿಟ್ಟು, ಲಾರಿಯನ್ನು ಎರಡು ಸಲ ಕರೆಸಿದೆವು. ಪಂಪಿನ ಬೋಲ್ಟುಗಳನ್ನು ಉದ್ದ ಹಿಡಿಯ ಸಲಕರಣೆಯಿಂದ ಬಿಚ್ಚಲು ಅರ್ಧ ದಿನ ಹಿಡಿಯಿತು. ಖರ್ಚು, ಒಬ್ಬನನ್ನು ಇಳಿಸುವ ಕೂಲಿಯ ಎಷ್ಟೋ ಪಾಲು. ಮಾವನವರು ಗೊಣಗಿದರು, ಕೊಟ್ಟರು.

ಪಂಪನ್ನು ಹೊರಗೆ ಬಿಸಿಲಿನಲ್ಲಿಟ್ಟು ನೋಡಿದಾಗ ರೋಗ ಸರಳವಾಗಿತ್ತು. ಇಂಪೆಲ್ಲರಿಗೆ ತುಕ್ಕು ಹಿಡಿದಿತ್ತು. ಹೊಲಸು ಹಿಂದಕ್ಕೆ ಬಾರದಂತೆ ತಡೆಯುವ ಕವಾಟದ ರಬ್ಬರು ಒಣಗಿ ಅಂಟಿಕೊಂಡಿತ್ತು. ಕೈಯಿಂದ ತಿರುಗದ ಪಂಪಿಗೆ ವಿದ್ಯುತ್ತು ಕೊಟ್ಟಿದ್ದರೆ ಮೋಟರು ಸಾಮಾನ್ಯಕ್ಕಿಂತ ಹಲವು ಪಟ್ಟು ಪ್ರವಾಹವನ್ನು ಸೆಳೆದು ಸುರುಳಿ ಸುಟ್ಟುಹೋಗುತ್ತಿತ್ತು. ತುಕ್ಕು ಬಿಡಿಸಿ, ಸೀಲು ಬದಲಿಸಿ, ಸುರುಳಿಯ ನಿರೋಧವನ್ನು ಅಳೆಸಿ, ತಿಳಿನೀರಿನ ಪೀಪಾಯಿಯಲ್ಲಿ ಓಡಿಸಿ ನೋಡಿದ ಮೇಲೆಯೇ ಮತ್ತೆ ಬಿಟ್ಟದ್ದು.

ನಮ್ಮ ನಿಜವಾದ ಆಕ್ಷೇಪಣೆ ಪಂಪನ್ನು ತಳಕ್ಕೆ ಬಿಗಿದು ಹೋದ ಎಂಜಿನಿಯರಿನ ಮೇಲೆ. ಕೆಡದ ಪಂಪು ಲೋಕದಲ್ಲಿಲ್ಲ. ಮನುಷ್ಯನು ಇಳಿದಲ್ಲದೆ ಎತ್ತಲಾಗದಂತೆ ಅದನ್ನು ಕೂರಿಸಿದವನು, ನಕ್ಷೆ ಬರೆದ ದಿನವೇ ಯಾರೋ ಒಬ್ಬನನ್ನು ಆ ಗುಂಡಿಗೆ ಗೊತ್ತುಮಾಡಿಟ್ಟ ಹಾಗಾಯಿತು. ಎರಡು ಕಂಬಿ, ಒಂದು ಸರಪಳಿ, ಇಷ್ಟಿದ್ದರೆ ಪಂಪು ಕಂಬಿಗಳ ಮೇಲೆ ಜಾರಿ ತಾನಾಗಿ ಕೂರುತ್ತದೆ, ಸರಪಳಿ ಎಳೆದರೆ ಮೇಲಕ್ಕೆ ಬರುತ್ತದೆ. ಇಂಥ ಜೋಡಣೆಯಿಲ್ಲದ ತೊಟ್ಟಿಯ ನಕ್ಷೆಗೆ ಒಪ್ಪಿಗೆ ಕೊಡಕೂಡದೆಂಬುದು ನಮ್ಮ ಅಭಿಪ್ರಾಯ. ನಾಳೆ ಎಂಜಿನಿಯರುಗಳಾಗಲಿರುವ ವಾಚಕರು ಇದನ್ನು ಪರೀಕ್ಷೆಯ ಪ್ರಶ್ನೆಯಲ್ಲವೆಂದು ಬಿಟ್ಟುಬಿಡಬಾರದು.

ಮುಂದಿನ ಮಳೆಗಾಲದಲ್ಲಿ ಫ್ಲೋಟ್ ಸ್ವಿಚ್ಚು ಸಿಕ್ಕಿಕೊಂಡು ಪಂಪು ಮತ್ತೆ ನಿಂತಿತು. ಅದೇ ಪ್ಲಂಬರು ಬಂದರು. ಮುಚ್ಚಳ ತೆಗೆದು, ದೂರ ಸರಿದು ಕೊಂಚ ಹೊತ್ತು ಕಾದು, ಅಂಗಳದಲ್ಲಿ ನಿಂತೇ ಸರಪಳಿ ಎಳೆದರು.