ಎ ಸೈಡಿಗೊಂದು ಟಿಕೆಟ್ಟು, ಬಿ ಸೈಡಿಗೊಂದು ಟಿಕೆಟ್ಟು!

ಮೊನ್ನೆ ಗೆಳೆಯನೊಬ್ಬನ ಜತೆ ದೊಡ್ಡ ವಾದವೇ ಆಯ್ತು. "ಲೇ, ಒಂದು ಕಥೇನ ಎರಡು ಸಿನಿಮಾ ಮಾಡಿದ್ರೆ ನಿಂಗೇನು ಕಷ್ಟ? ಇಷ್ಟ ಇದ್ರೆ ನೋಡು, ಇಲ್ಲಾಂದ್ರೆ ಬಿಡು" ಅಂದ. ಅಲ್ಲಿ ಉತ್ತರ ಹೊಳೀಲಿಲ್ಲ. ಮನೆಗೆ ಬಂದ ಮೇಲೆ ಹೊಳೀತು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ವಾದ ಎದ್ದಿದ್ದು ‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ. ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕೆ ಬಂತು, ಸೈಡ್ ಬಿ ಅದೇ ವರ್ಷ ನವೆಂಬರ್ 17ಕ್ಕೆ. ನಡುವೆ 77 ದಿನ. ಮನು, ಪ್ರಿಯಾ ಇಬ್ಬರೂ ನನಗೆ ಇಷ್ಟವಾದವರೇ, ಹೇಮಂತ್ ರಾವ್ ನಿರ್ದೇಶನದ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರಿರೋದು ಆ ಹೆಸರಿನ ಬಗ್ಗೆ. ಸೈಡ್ ಎ, ಸೈಡ್ ಬಿ ಅಂದ್ರೆ ಕ್ಯಾಸೆಟ್ಟಿನ ಎರಡು ಮಗ್ಗುಲು ತಾನೆ? ಕ್ಯಾಸೆಟ್ ಕೊಳ್ಳುವಾಗ ಎರಡಕ್ಕೂ ಸೇರಿ ಒಂದೇ ದುಡ್ಡು ಕೊಡ್ತಿದ್ವಿ. ತಿರುಗಿಸಿ ಹಾಕೋಕೆ ಯಾವ ಅಂಗಡಿಯವನೂ ಮತ್ತೆ ಕಾಸು ಕೇಳಿದ್ದಿಲ್ಲ!

ಆನಗೋಡಿನಂಥ ಊರಲ್ಲಿರೋರಿಗೆ ಸಿನಿಮಾ ಅಂದ್ರೆ ಬರೀ ಟಿಕೆಟ್ಟಿನ ಲೆಕ್ಕ ಅಲ್ಲ. ದಾವಣಗೆರೆಗೆ ಹೋಗಿ ಬರೋ ಬಸ್ ಚಾರ್ಜು, ಕೆಲಸ ಬಿಟ್ಟ ಅರ್ಧ ದಿನ, ಮೇಲೊಂದು ಬೆಣ್ಣೆ ದೋಸೆ. ಕಥೆ ಎರಡು ತುಂಡಾದ್ರೆ ಇಷ್ಟೂ ಎರಡೆರಡು ಸಲ.

"ವಾರಪತ್ರಿಕೇಲಿ ಕಂತು ಕಂತಾಗಿ ಕಾದಂಬರಿ ಓದ್ಲಿಲ್ವಾ?" ಅಂತಾನೂ ಕೇಳಿದ. ಓದಿದ್ವಿ. ಆದ್ರೆ ಅದೇ ದುಡ್ಡಿಗೆ ಸಣ್ಣಕಥೆ, ಪದಬಂಧ, ನಗೆಹನಿ ಎಲ್ಲಾ ಇರ್ತಿತ್ತು. ಧಾರಾವಾಹಿ ಅರ್ಧಕ್ಕೆ ಬಿಟ್ರೂ ಕೊಟ್ಟ ಕಾಸು ದಂಡವಾಗ್ತಿರಲಿಲ್ಲ.

ಈ ಜಗಳ ಕಂಪ್ಯೂಟರ್ ಗೇಮ್ ಆಡೋರಿಗೆ ಹಳೇದು. 1998ರ ‘ಸ್ಟಾರ್‌ಕ್ರಾಫ್ಟ್’ ಅನ್ನೋ ಯುದ್ಧತಂತ್ರದ ಆಟದಲ್ಲಿ ಮೂರು ಪಂಗಡಗಳ ಕಥೆಯೂ ಒಂದೇ ಡಬ್ಬಿಯಲ್ಲಿತ್ತು. ಅದರ ಎರಡನೇ ಆವೃತ್ತಿಯ ಕಥೇನ ಮೂರು ಭಾಗ ಮಾಡಿ ಮಾರ್ತೀವಿ ಅಂತ ಬ್ಲಿಝಾರ್ಡ್ ಕಂಪನಿ 2008ರಲ್ಲಿ ಹೇಳಿತು. ಅಭಿಮಾನಿಗಳು ಗಲಾಟೆ ಎಬ್ಬಿಸಿದ್ರು. ಭಾಗಗಳು 2010, 2013, 2015ರಲ್ಲಿ ಬಂದವು. ಅಮೆರಿಕದಲ್ಲಿ ಬೆಲೆ 60, 40, 40 ಡಾಲರ್. ಒಟ್ಟು 140! ಆದ್ರೂ ಒಂದು ಮಾತು ಒಪ್ಪಲೇಬೇಕು. ಮೊದಲ ಭಾಗದಲ್ಲೇ ಒಂದು ಪಂಗಡದ ಪೂರ್ತಿ ಕಥೆ ಇತ್ತು, ಬೇರೆಯವರ ಜತೆ ಆಡೋಕೆ ಮೂರೂ ಪಂಗಡ ಇದ್ದವು. ಮುಂದಿನ ಭಾಗಗಳಿಗೆ ಬೆಲೆಯೂ ಇಳೀತು. ಮುಖ್ಯವಾಗಿ, ಎರಡು ವರ್ಷ ಮೊದಲೇ ಹೇಳಿದ್ರು.

ಹಾಗಾಗಿ ತುಂಡು ಮಾಡೋದೇ ಮೋಸ ಅಂತ ನಾನು ಹೇಳಲ್ಲ. ನಾನು ಕೇಳೋದು ಇಷ್ಟೇ: ಎರಡನೇ ಭಾಗ ಬರದೇ ಹೋದ್ರೆ ನನ್ನ ಕೈಲಿರೋದು ಏನು? 2018ರ ‘ಕೆಜಿಎಫ್’ ತಗೊಳ್ಳಿ. ಹೆಸರಲ್ಲೇ ಚಾಪ್ಟರ್ 1 ಇತ್ತು, ಗರುಡ ಸಾಯೋದ್ರಲ್ಲಿ ಒಂದು ಲೆಕ್ಕ ಮುಗೀತು. 2022ರ ಏಪ್ರಿಲ್‌ವರೆಗೆ ಕಾದ್ವಿ, ಬೇಜಾರಿಲ್ಲ. 2022ರ ‘ಕಾಂತಾರ’ ತನ್ನ ಪಾಡಿಗೆ ತಾನು ಪೂರ್ತಿ. 2025ರಲ್ಲಿ ಬಂದ ಅದರ ಚಾಪ್ಟರ್ 1 ನೋಡದೇ ಇದ್ದೋನಿಗೂ ನಷ್ಟವಿಲ್ಲ. ಆದ್ರೆ ಸೈಡ್ ಎ? ಮನು ಇನ್ನೂ ಜೈಲಲ್ಲೇ ಇದ್ದಾನೆ, ಇವರು ಲೈಟ್ ಹಾಕಿ ಮನೆಗೆ ಹೋಗಿ ಅಂದ್ರು.

ಗೆಳೆಯನಿಗೆ ನನ್ನ ಉತ್ತರ ಇದು. ‘ಇಷ್ಟ ಇಲ್ಲಾಂದ್ರೆ ಬಿಡು’ ಅನ್ನೋ ಮಾತು ಮೊದಲ ಟಿಕೆಟ್ ಕೊಳ್ಳೋಕೆ ಮುಂಚೆ ಸರಿ. ಕೊಂಡ ಮೇಲೆ ನನ್ನ ಅರ್ಧ ಕಥೆ ಅವರ ಹತ್ರ ಅಡವಿದೆ. ಅಡವಿಟ್ಟೋನಿಗೆ ಎಲ್ಲಿ ಬಿಡೋ ಸ್ವಾತಂತ್ರ್ಯ?

ನನ್ನ ಬೇಡಿಕೆ ದೊಡ್ಡದಲ್ಲ. ಗೇಟಲ್ಲಿ ಟಿಕೆಟ್ ಹರಿದು ಅರ್ಧ ಚೀಟಿ ಕೊಡ್ತಾರಲ್ಲ, ಅದನ್ನ ಜೋಪಾನವಾಗಿ ಇಟ್ಟು ತಂದೋನಿಗೆ ಎರಡನೇ ಭಾಗ ಅರ್ಧ ರೇಟಿಗೆ ತೋರಿಸಲಿ. ಅರ್ಧ ಕಥೆ, ಅರ್ಧ ಚೀಟಿ, ಅರ್ಧ ದುಡ್ಡು. ಬಸ್ ಚಾರ್ಜು ನಾನೇ ಹಾಕ್ಕೋತೀನಿ :)

ನೀವೇನಂತೀರಿ?