ಲಾರಿಯ ಚೆಲುವೂ ಎಣ್ಣೆಯ ಲೆಕ್ಕವೂ

ಉಪ್ಪಿನಕಾಯಿ, ಹೊಲಿಗೆ, ಮಕ್ಕಳ ಕೆಮ್ಮು, ಹಿರಿಯರ ಪಥ್ಯ ಇವೇ ಮುಂತಾದ ವಿಷಯಗಳನ್ನು ಕುರಿತು ಈ ಪುಟಗಳಲ್ಲಿ ಬರೆಯುತ್ತ ಬಂದ ನಾವು ಇಂದು ಲಾರಿಯ ಮಾತನ್ನು ಎತ್ತಿಕೊಂಡುದನ್ನು ಕಂಡು ವಾಚಕ ಭಗಿನಿಯರು ಹುಬ್ಬೇರಿಸಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಲಾರಿಯೆಂಬುದು ಮನೆಯ ಹೊರಗಿನ ಸಂಗತಿಯಲ್ಲ. ಅದನ್ನು ಕೊಳ್ಳುವ ದಿನ ಹೊಲದ ಉತಾರೆ ಬ್ಯಾಂಕಿಗೆ ಹೋಗುವದು. ಅದು ಸಾಲದಿದ್ದರೆ ಮನೆಯಾಕೆಯ ಪಾಟಲಿ, ಬಿಲ್ವಾರಗಳು ಒತ್ತೆಗೆ ಹೋಗುವವು. ಇಷ್ಟಾದ ಮೇಲೂ ಯಾವ ಲಾರಿಯನ್ನು ಕೊಳ್ಳಬೇಕೆಂಬ ಮಾತು ಬಂದಾಗ ಆಕೆಯನ್ನು ಕೇಳುವವರು ವಿರಳ.

ಕಳೆದ ದೀಪಾವಳಿಯಲ್ಲಿ ಚಿಕ್ಕೋಡಿ ತಾಲೂಕಿನ ಒಂದು ಹಳ್ಳಿಗೆ, ನಮ್ಮ ಹಳೆಯ ಪರಿಚಯದ ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆವು. ಅವರದು ಆರೆಕರೆ ಕಬ್ಬು, ಅಷ್ಟಿಷ್ಟು ತಂಬಾಕು. ಹಿರಿಯ ಮಗನು ಏಳು ವರುಷ ಪರರ ಲಾರಿ ನಡೆಯಿಸಿ, ಈಗ ತನ್ನದೇ ಒಂದು ಗಾಡಿ ಇರಬೇಕೆಂದು ಹಟ ಹಿಡಿದಿದ್ದನು. ಅಂಗಳದ ಹೊರಸಿನ ಮೇಲೆ ಎರಡು ಲಾರಿಗಳ ಚಿತ್ರಪಟಗಳು ಹರಡಿದ್ದವು. ಎರಡೂ ಹತ್ತು ಗಾಲಿಯವು. ಒಂದು ಎತ್ತರದ ಕ್ಯಾಬಿನ್ನಿನದು, ಹೆಚ್ಚು ಅಶ್ವಶಕ್ತಿಯ ಎಂಜಿನ್, ಮುಖದ ತುಂಬ ಹೊಳೆಯುವ ಪಟ್ಟಿಗಳು. ಇನ್ನೊಂದು ಸಾದಾ ಮುಖದ್ದು. ಬೆಲೆಯಲ್ಲಿಯೂ ಕಡಿಮೆ, ಶಕ್ತಿಯಲ್ಲಿಯೂ ಕಡಿಮೆ.

“ಅಪ್ಪಾ, ಗಾಡಿ ಅಂದ್ರ ಧಾಬಾದ ಮುಂದ ನಿಂತಾಗ ನಾಕ ಮಂದಿ ಹೊಳ್ಳಿ ನೋಡಬೇಕು,” ಎಂದನು ಮಗ.

“ನೋಡಿದವ್ರು ಬಂದು ನಮ್ಮ ಹಪ್ತಾ ತುಂಬತಾರೇನೋ?” ಎಂದರು ತಂದೆ.

ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ ತಾಯಿ ತಲೆಯೆತ್ತದೆಯೆ, “ಎವರೇಜ್ ಎಷ್ಟ ಕೊಡತೈತಿ, ಅದನ್ನ ಹೇಳ್ರಿ ಮೊದಲ,” ಎಂದರು. ಲೀಟರಿಗೆ ಎಷ್ಟು ಕಿಲೋಮೀಟರು ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ‘ಎವರೇಜ್’ ಎನ್ನುವರು. ಇಂಗ್ಲಿಷ್ ಬಲ್ಲವರು ನಗಬಹುದು, ಆದರೆ ಅರ್ಥ ತಿಳಿಯದವರು ಇಲ್ಲಿ ಯಾರೂ ಇಲ್ಲ. ಆಕೆ ಮುಂದುವರಿದು, “ಎಮ್ಮಿ ಕೊಳ್ಳಾಗ ಕೆಚ್ಚಲಾ ನೋಡತೀರೋ, ಕೋಡ ನೋಡತೀರೋ?” ಎಂದು ಕೇಳಿದರು. ಮಗನೂ ಸೋಲುವವನಲ್ಲ. “ಯವ್ವಾ, ನಮ್ಮ ಪಂಢರಪುರಿ ಎಮ್ಮಿ ಕೋಡ ಎಷ್ಟ ಉದ್ದ ಅದಾವು! ಅದಕ್ಕೇನ ಹಾಲ ಕಡಿಮಿ ಆಗೇತೇನು?” ಎಂದನು. ಎಲ್ಲರೂ ನಕ್ಕೆವು. ಆದರೆ ಹುಡುಗನ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಚೆಲುವು ಯಾವಾಗಲೂ ಹಾಲನ್ನು ಕಡಿಮೆ ಮಾಡುವದೇ? ಅಥವಾ ಕೆಲವು ಚೆಲುವಿಗೆ ಮಾತ್ರ ಆ ದೋಷವಿರುವದೇ?

ಮೊದಲು ಲೆಕ್ಕವನ್ನೇ ನೋಡುವಾ. ನಿಪ್ಪಾಣಿಯಿಂದ ಮುಂಬಯಿಗೆ ಹೋಗಿ ಬರುವ ಲಾರಿ ತಿಂಗಳಿಗೆ ೮,೦೦೦ ಕಿ.ಮೀ. ಓಡುವದೆಂದು ಹಿಡಿಯಿರಿ. ಲೀಟರಿಗೆ ೪ ಕಿ.ಮೀ. ಕೊಟ್ಟರೆ ೨,೦೦೦ ಲೀಟರ್ ಡೀಸೆಲ್ ಬೇಕು. ಅದೇ ಲಾರಿ ೩.೫ ಕಿ.ಮೀ. ಕೊಟ್ಟರೆ ೨,೨೮೬ ಲೀಟರ್ ಬೇಕು. ಅರ್ಧ ಕಿಲೋಮೀಟರು ಎಂದರೆ ಕಿವಿಗೆ ಏನೂ ಅಲ್ಲ; ಆದರೆ ಲೀಟರಿಗೆ ೯೦ ರೂಪಾಯಿ ಹಿಡಿದರೂ ತಿಂಗಳಿಗೆ ೨೫,೦೦೦ ರೂಪಾಯಿಗೆ ಮೇಲೆ, ವರುಷಕ್ಕೆ ೩ ಲಕ್ಷಕ್ಕೆ ಮೇಲೆ ಹೊಗೆಯಾಗಿ ಹೋಗುವದು. ತಾಯಿ ಶೇಂಗಾ ಸುಲಿಯುವದನ್ನು ನಿಲ್ಲಿಸಿದ್ದು ಈ ಅಂಕಿಯನ್ನು ಕೇಳಿದಾಗಲೇ.

ಆದರೆ ಇದೇ ಲೆಕ್ಕವನ್ನು ಕಬ್ಬಿನ ಗಾಡಿಗೆ ಹಚ್ಚಿದರೆ ಬೇರೆಯೇ ಉತ್ತರ ಬರುವದು. ಕಾಗವಾಡ ತಾಲೂಕಿನ ಉಗಾರದಲ್ಲಿ ೧೯೩೯ರಲ್ಲಿ ಸಕ್ಕರೆ ಕಾರಖಾನೆ ಸ್ಥಾಪನೆಯಾದುದು ಮೊದಲುಗೊಂಡು ಇಂದಿನ ತನಕ ಕೃಷ್ಣೆಯ ಎರಡೂ ದಂಡೆಗಳಲ್ಲಿ ಎಷ್ಟೋ ಕಾರಖಾನೆಗಳು ಎದ್ದಿವೆ. ಹಂಗಾಮಿನಲ್ಲಿ ಹೊಲದಿಂದ ಕಾರಖಾನೆಗೆ ದಾರಿ ದೂರವಿಲ್ಲ. ಗಾಡಿಗಳು ಓಡುವದಕ್ಕಿಂತ ಅಂಗಳದಲ್ಲಿ ಸಾಲು ಹಚ್ಚಿ ನಿಲ್ಲುವದೇ ಹೆಚ್ಚು. ತಿಂಗಳಿಗೆ ೨,೦೦೦ ಕಿ.ಮೀ. ಓಡುವ ಗಾಡಿಗೆ ಅದೇ ಅರ್ಧ ಕಿಲೋಮೀಟರಿನ ಅಂತರದಿಂದ ತಗಲುವ ಹೆಚ್ಚಿನ ಡೀಸೆಲ್ ೭೧ ಲೀಟರ್ ಮಾತ್ರ, ಅಂದರೆ ಆರೂವರೆ ಸಾವಿರ ರೂಪಾಯಿಯ ಒಳಗಿನ ಮಾತು. ಅಂಥ ಗಾಡಿಯ ಮಾಲಕನು ಎವರೇಜಿನ ಚಿಂತೆಗಿಂತ ಸರದಿ ಬೇಗ ಬರುವ ಚಿಂತೆಯನ್ನು ಮಾಡುವದು ಲೇಸು. ಎರಡು ಟ್ರಾಲಿಗಳನ್ನು ಕಟ್ಟಿಕೊಂಡು, ಬಣ್ಣದ ದೀಪಗಳನ್ನು ಮಿನುಗಿಸುತ್ತ, ಹಾಡಿನ ಪೆಟ್ಟಿಗೆಯಿಂದ ಊರನ್ನೇ ಎಬ್ಬಿಸುತ್ತ ಹೋಗುವ ನಮ್ಮ ಕಬ್ಬಿನ ಟ್ರ್ಯಾಕ್ಟರುಗಳ ಸಿಂಗಾರಕ್ಕೆ ಇದೂ ಒಂದು ಕಾರಣವಿರಬಹುದು: ನಿಧಾನ ಹೋಗುವವನಿಗೆ ಚೆಲುವಿನ ದಂಡ ಕಡಿಮೆ. ಕಿವಿಯ ದಂಡವನ್ನು ರಸ್ತೆಯ ಬದಿಯ ಮನೆಗಳವರು ತೆರುವರು, ಅದು ಬೇರೆ.

ಆದಕಾರಣ ‘ಯಾವ ಲಾರಿ ಒಳ್ಳೆಯದು’ ಎಂದು ಕೇಳುವದಕ್ಕೆ ಮೊದಲು ‘ಯಾವ ದಾರಿ ನಮ್ಮದು’ ಎಂದು ಕೇಳಬೇಕು. ಅಂಗಡಿಯಲ್ಲಿ ಹೇಳುವ ಎವರೇಜ್ ಯಾರ ದಾರಿಯದೋ ಬಲ್ಲವರಾರು! ನಮ್ಮ ಹುಡುಗನದು ಮುಂಬಯಿಯ ದಾರಿ. ಹಾದಿಯಲ್ಲಿ ಸಾತಾರೆ ದಾಟಿದ ಮೇಲೆ ಖಂಬಾಟ್ಕಿ, ಆಮೇಲೆ ಬೋರಘಾಟ. ಬೆಳಗಾವಿಯ ಕಡೆ ತಿರುಗಿದರೆ ನಿಪ್ಪಾಣಿ ದಾಟಿದೊಡನೆ ತವಂದಿ ಘಾಟ. ಘಾಟ ಏರುವಾಗ ಎಣ್ಣೆ ಕುಡಿಯುವದು ಭಾರ. ಬಯಲಲ್ಲಿ ವೇಗವಾಗಿ ಓಡುವಾಗ ಕುಡಿಯುವದು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುವದು. ಗಂಟೆಗೆ ೪೦ರಲ್ಲಿ ಹೋಗುವಾಗ ಲೆಕ್ಕಕ್ಕೇ ಬಾರದ ಗಾಳಿ ೮೦ಕ್ಕೆ ಮುಟ್ಟಿದಾಗ ಎದುರಿಗೆ ಗೋಡೆಯಾಗಿ ನಿಲ್ಲುವದು. ಮಗನು ಹೇಳಿದ ಒಂದು ಮಾತನ್ನು ಇಲ್ಲಿ ಒಪ್ಪಬೇಕು: ಶಕ್ತಿ ಸಾಲದ ಎಂಜಿನಿಗೆ ಮೀರಿದ ಭಾರ ಹೇರಿ ಘಾಟ ಹತ್ತಿಸಿದರೆ ಅದೂ ಬೇಕಾದಷ್ಟು ಕುಡಿಯುವದು. ಬರಿಯ ಅಗ್ಗದ ಗಾಡಿ ಮಿತವ್ಯಯದ ಗಾಡಿಯಾಗಲಾರದು.

ಈಗ ಚೆಲುವಿನ ವಿಚಾರ. ಲಾರಿಯ ಸಿಂಗಾರ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ೧೯೫೪ರಲ್ಲಿ ಜಮಶೇದಪುರದಲ್ಲಿ ಜರ್ಮನಿಯ ಬೆಂಝ್ ಕಂಪನಿಯ ಸಹಕಾರದಿಂದ ಟಾಟಾ ಲಾರಿಗಳು ಹೊರಬೀಳತೊಡಗಿದವು. ೧೯೬೯ರಲ್ಲಿ ಆ ಸಹಕಾರ ಮುಗಿದು, ಬೆಂಝಿನ ನಕ್ಷತ್ರದ ಬದಲು ಟಾಟಾರ ಗುರುತು ಬಂದಿತು. ಆ ಕಾಲದಲ್ಲಿ ಮಾಲಕನ ಕೈಗೆ ಬರುತ್ತಿದ್ದುದು ಬಹುಮಟ್ಟಿಗೆ ಎಂಜಿನ್ನು, ಗಾಲಿ, ಅಡಿಗಟ್ಟು ಇಷ್ಟೇ. ಮೇಲಿನ ಮನೆಯನ್ನು ಬಡಿಗನೂ ಕಮ್ಮಾರನೂ ಕಟ್ಟಬೇಕು. ಹೀಗೆ ಕಟ್ಟಿಸಿದ ಮನೆಗೆ ತೋರಣ ಬೇಡವೇ? ನೆತ್ತಿಯ ಮೇಲೆ ಕಿರೀಟ, ಬಾಗಿಲಿಗೆ ನವಿಲು, ಬೆನ್ನ ಮೇಲೆ ಬರಹ, ಕನ್ನಡಿಗೆ ಗೊಂಡೆ ಎಲ್ಲವೂ ಬಂದವು.

ಹುಡುಗನ ಮೊಬೈಲಿನಲ್ಲಿ ಅಮೆರಿಕೆಯ ಟ್ರೇಲರುಗಳ ಚಿತ್ರಗಳು ತುಂಬಿದ್ದವು. ಉದ್ದನ್ನ ಮೂಗು, ಎರಡು ಬದಿಗೆ ಬೆಳ್ಳಿಯಂಥ ಹೊಗೆ ಕೊಳವೆ. “ಇದರ ಗತ್ತು ನೋಡ್ರಿ, ಕಾಕಾ,” ಎಂದು ನಮಗೂ ತೋರಿಸಿದನು. ಆ ಉದ್ದ ಮೂಗಿನ ಕಥೆಯನ್ನು ನಾವು ಹೇಳಿದೆವು. ಅಲ್ಲಿ ೧೯೮೨ರ ಕಾಯದೆಯ ಮೇಲೆ ದೊಡ್ಡ ಹೆದ್ದಾರಿಗಳಲ್ಲಿ ಉದ್ದದ ಮಿತಿ ಉಳಿದುದು ಹಿಂದಿನ ಟ್ರೇಲರಿಗೆ. ಮುಂದಿನ ಎಂಜಿನ್ ಗಾಡಿ ಎಷ್ಟು ಮೂಗು ಚಾಚಿದರೂ ಸರಕಿನ ಜಾಗಕ್ಕೆ ಕುಂದಿಲ್ಲ. ನಮ್ಮಲ್ಲಿ ಮಿತಿಯಿರುವದು ತುದಿಯಿಂದ ತುದಿಯ ವರೆಗಿನ ಒಟ್ಟು ಉದ್ದಕ್ಕೆ. ಮೂಗು ಬೆಳೆದಷ್ಟೂ ಸರಕಿನ ಹಾಸು ಕುಗ್ಗುವದು. ಅದಕ್ಕೇ ನಮ್ಮ ಲಾರಿಗಳದು ಚಪ್ಪಟೆ ಮುಖ. ಅಮೆರಿಕೆಯಲ್ಲಿಯೂ ಈ ಜಗಳ ನಡೆದೇ ಇದೆ. ಅಲ್ಲಿಯ ಕೆನ್‌ವರ್ತ್ ಕಂಪನಿಯವರು ೧೯೮೫ರಲ್ಲಿ ಗಾಳಿ ಜಾರಿಹೋಗುವಂತೆ ಮೂಗನ್ನು ಇಳಿಜಾರಾಗಿಸಿ ಟಿ-೬೦೦ ಎಂಬ ಗಾಡಿಯನ್ನು ತಂದರು. ಚಾಲಕರು ಅದಕ್ಕೆ ‘ಇರುವೆ ತಿನ್ನುವ ಪ್ರಾಣಿ’ ಎಂದು ಹೆಸರಿಟ್ಟು ನಕ್ಕರು. ಎಣ್ಣೆಯ ಉಳಿತಾಯ ಕಣ್ಣಿಗೆ ಕಂಡ ಮೇಲೆ ಇತರ ಕಂಪನಿಗಳೂ ಅದೇ ಹಾದಿ ಹಿಡಿದವು. ಆದರೂ ಚೌಕ ಮೂಗಿನ ಹಳೆಯ ಮಾದರಿಗಾಗಿ ಹೆಚ್ಚು ಎಣ್ಣೆ ಸುಡಲು ಸಿದ್ಧರಾದವರು ಅಲ್ಲಿಯೂ ಉಳಿದೇ ಉಳಿದರು. ನಮ್ಮ ಹುಡುಗನೊಬ್ಬನನ್ನೇ ಏಕೆ ಬೈಯಬೇಕು?

ಕಾರಹುಣ್ಣಿಮೆಯ ದಿನ ಖಿಲಾರಿ ಎತ್ತುಗಳಿಗೆ ಜೂಲು ಹೊದಿಸಿ, ಕೋಡಿಗೆ ಅಣಸು ಇಟ್ಟು, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಯಿಸುವದನ್ನು ನಾವೆಲ್ಲರೂ ಕಂಡಿದ್ದೇವೆ. ಮರುದಿನ ನೊಗಕ್ಕೆ ಹೂಡುವ ಮೊದಲು ಜೂಲನ್ನು ತೆಗೆದು ಮಡಿಚಿ ಇಡುವರು. ಲಾರಿಯ ತೊಂದರೆ ಇಷ್ಟೇ: ಖಂಡೇನವಮಿಯ ದಿನ ತೊಡಿಸಿದ ಕಬ್ಬಿಣದ ಕಿರೀಟವನ್ನು ಅದು ವರುಷವೆಲ್ಲ ಹೊತ್ತು ತಿರುಗಬೇಕು. ೨೦೧೮ರ ಜುಲೈಯಲ್ಲಿ ಕೇಂದ್ರ ಸರಕಾರವು ಹತ್ತು ಗಾಲಿಯ ಲಾರಿಯ ಒಟ್ಟು ತೂಕದ ಮಿತಿಯನ್ನು ೨೫ ಟನ್ನಿನಿಂದ ೨೮.೫ ಟನ್ನಿಗೆ ಏರಿಸಿತು. ಆದರೆ ಈ ಮಿತಿ ಗಾಡಿ, ಸರಕು ಎರಡೂ ಕೂಡಿದ ತೂಕಕ್ಕೆ. ಸಿಂಗಾರಕ್ಕೆಂದು ಅರ್ಧ ಟನ್ ಕಬ್ಬಿಣ ಹೆಚ್ಚಾದರೆ ಪ್ರತಿಯೊಂದು ಖೇಪಿನಲ್ಲಿ ಅರ್ಧ ಟನ್ ಬಾಡಿಗೆ ಹೋಯಿತು. ಬರಿದಾಗಿ ಹಿಂದಿರುಗುವಾಗಲೂ ಆ ಅರ್ಧ ಟನ್ನಿಗೆ ಎಣ್ಣೆ ಸುಡಬೇಕು. ಕ್ಯಾಬಿನ್ನಿನ ಮೇಲಿನ ದೊಡ್ಡ ಕ್ಯಾರಿಯರು ಗಾಳಿಗೆ ಎದೆಯೊಡ್ಡುವದು. ಹಲವು ರಾಗದ ಹಾರ್ನು ಎಣ್ಣೆ ಕುಡಿಯಲಿಕ್ಕಿಲ್ಲ, ಆದರೆ ಅದಕ್ಕೆ ನಿಯಮದ ಪ್ರಕಾರ ಬಂದಿಯಿದೆ. ದಂಡದ ಪಾವತಿಯೂ ಮನೆಯ ಖರ್ಚಿನ ಬಾಬಿಗೇ ಸೇರುವದು. ಗಡಿ ದಾಟುವವರು ನೆನಪಿಡತಕ್ಕ ಇನ್ನೊಂದು ಸಂಗತಿ: ಲಾರಿಗಳ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಜ್’ ಎಂಬ ಬರಹವನ್ನು ಮಹಾರಾಷ್ಟ್ರ ಸರಕಾರವು ೨೦೧೫ರಲ್ಲಿಯೇ ನಿಷೇಧಿಸಿದೆ.

ಆದರೆ ಬಣ್ಣಕ್ಕೆ ತೂಕವೆಷ್ಟು? ಬಾಗಿಲ ಮೇಲಿನ ನವಿಲು ಗಾಳಿಯನ್ನು ತಡೆಯುವದೇ? ಹುಡುಗನ ಪಂಢರಪುರಿ ಎಮ್ಮೆಯ ಮಾತಿಗೆ ನಮಗೆ ತೋರಿದ ಉತ್ತರವಿದು. ಕೆಲವು ಚೆಲುವು ಕುಂಚದ್ದು, ಕೆಲವು ಕಬ್ಬಿಣದ್ದು. ಮೊದಲನೆಯದಕ್ಕೆ ಒಂದು ಸಲ ಹಣ ಕೊಟ್ಟರೆ ತೀರಿತು. ಎರಡನೆಯದಕ್ಕೆ ದಿನಾಲು ಕೊಡಬೇಕು. ತನ್ನ ಗಾಡಿಯನ್ನು ಮೆಚ್ಚಿದವನು ಬೆಳಗಾಗೆದ್ದು ಟಾಯರಿನ ಗಾಳಿ ನೋಡುವನು, ಗ್ರೀಸು ಹಚ್ಚುವನು, ಸಣ್ಣ ಸಪ್ಪಳಕ್ಕೂ ಕಿವಿಗೊಡುವನು. ಗಾಳಿ ಇಳಿದ ಟಾಯರಿನಷ್ಟು ಸದ್ದಿಲ್ಲದೆ ಎಣ್ಣೆ ಕದಿಯುವದು ಬೇರೊಂದಿಲ್ಲ. ಮತ್ತೆ, ರಾತ್ರಿಯೆಲ್ಲ ಓಡಿ ಹಗಲಿನಲ್ಲಿ ಅದರಲ್ಲಿಯೇ ಮಲಗುವ ಹುಡುಗನಿಗೆ ತಂಪಾದ ಕ್ಯಾಬಿನ್ನನ್ನು ಷೋಕಿ ಎನ್ನುವದು ಅನ್ಯಾಯ. ೨೦೨೫ರ ಅಕ್ಟೋಬರ ೧ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಸರಕಾರವೇ ವಿಧಿಸಿದೆ. ತಂದೆಯವರು ಮೊದಲು ಈ ಬಾಬನ್ನು ‘ಬ್ಯಾಡಾದ ಖರ್ಚು’ ಎಂದು ಹೊಡೆದುಹಾಕಿದ್ದರು. ತಾಯಿ ಅದನ್ನು ಮರಳಿ ಬರೆಯಿಸಿದರು.

ಆಕೆ ಇನ್ನೊಂದು ಪ್ರಶ್ನೆ ಕೇಳಿದರು. ೨೦೨೦ರ ಏಪ್ರಿಲಿನಿಂದ ಬಂದ ಲಾರಿಗಳಲ್ಲಿ ಹೊಗೆಯ ವಿಷವನ್ನು ತಗ್ಗಿಸಲು ಡೀಸೆಲಿನೊಂದಿಗೆ ಯೂರಿಯಾ ದ್ರಾವಣವನ್ನೂ ಬೇರೆ ತೊಟ್ಟಿಯಲ್ಲಿ ತುಂಬಬೇಕಾಗುವದಷ್ಟೆ. ಕಬ್ಬಿಗೆ ತಂದ ಯೂರಿಯಾ ಮನೆಯಲ್ಲಿದೆಯಲ್ಲ, ಅದನ್ನೇ ಕರಗಿಸಿ ಹಾಕಿದರೆ ನಡೆಯದೇ? ನಡೆಯದು. ಅದಕ್ಕೆ ಶುದ್ಧ ಯೂರಿಯಾ ನೂರಕ್ಕೆ ೩೨.೫ ಪಾಲು, ಉಳಿದುದು ಖನಿಜಗಳನ್ನು ತೆಗೆದ ನೀರು. ಹೊಲದ ಗೊಬ್ಬರವನ್ನು ಬಾವಿಯ ನೀರಿನಲ್ಲಿ ಕರಗಿಸಿ ಹಾಕಿದರೆ ಕೆಡುವ ಭಾಗದ ಬೆಲೆ ಒಂದು ಎಮ್ಮೆಯ ಬೆಲೆಗಿಂತ ಕಡಿಮೆಯಿರಲಿಕ್ಕಿಲ್ಲ.

ತಂದೆಯವರ ಭಯಕ್ಕೆ ಕಾರಣ ಬೇರೆಯೇ ಇದ್ದಿತು. ೨೦೧೯ರ ಆಗಸ್ಟಿನಲ್ಲಿ ವೇದಗಂಗೆಯ ನೀರು ಯಮಗರ್ಣಿಯ ಬಳಿ ಹೆದ್ದಾರಿಯ ಮೇಲೆ ಬಂದು ಲಾರಿಗಳ ಸಾಲು ದಿನಗಟ್ಟಲೆ ನಿಂತಿತ್ತು. ಅವರ ಭಾವಮೈದುನನ ಗಾಡಿಯೂ ಆ ಸಾಲಿನಲ್ಲಿತ್ತು. ಗಾಡಿ ನಿಂತರೂ ಹಪ್ತೆ ನಿಲ್ಲಲಿಲ್ಲ. ಕೈಯಲ್ಲಿ ಉಳಿಕೆಯಿಲ್ಲದ ಆತನು ಎರಡು ಕಂತು ತಪ್ಪಿ, ಕೊನೆಗೆ ಗಾಡಿಯನ್ನು ಸಿಕ್ಕ ಬೆಲೆಗೆ ಮಾರಿದನು. ಅದು ಸೀಮೆಯಲ್ಲಿಯೇ ಚೆಲುವಾದ ಗಾಡಿಯಾಗಿತ್ತು ಎಂದು ಅವರು ಎರಡು ಸಲ ಹೇಳಿದರು.

ಸಾದಾ ಮುಖದ ಲಾರಿಯೇ ಬಂದಿತು. ಆದರೆ ಎಂಜಿನ್ನಿನಲ್ಲಿ ಒಂದು ಮೆಟ್ಟಿಲು ಮೇಲಿನದು. ಅಷ್ಟರ ಮಟ್ಟಿಗೆ ಮಗ ಗೆದ್ದನು. ಕಿರೀಟವಿಲ್ಲ, ಮೇಲಿನ ಕ್ಯಾರಿಯರಿಲ್ಲ. ಹಣೆಯ ಮೇಲೆ ಚಿಂಚಲಿಯ ಮಾಯಕ್ಕನ ಹೆಸರನ್ನು ಕೆಂಪು, ಹಳದಿ ಅಕ್ಷರಗಳಲ್ಲಿ ಬರೆಯಿಸಿ, ಎರಡೂ ಬಾಗಿಲಿಗೆ ಖಿಲಾರಿ ಎತ್ತಿನ ಜೋಡಿಯನ್ನು ತೆಗೆಯಿಸಿದ್ದಾರೆ. ಮಾಘದ ಜಾತ್ರೆಗೆ ಹೋಗಿ ಬಂದವರೆಲ್ಲ ಆ ಎತ್ತುಗಳ ಕಣ್ಣುಗಳನ್ನು ಹೊಗಳಿದರಂತೆ.

ತಾಯಿಯ ಬಿಲ್ವಾರಗಳು ಒತ್ತೆಯಲ್ಲಿಯೇ ಇವೆ. ಆಕೆ ಅವನ್ನು ಕೊಡುವಾಗ ಒಂದು ಕರಾರು ಹಾಕಿದ್ದರು: ತೊಟ್ಟಿ ತುಂಬಿಸಿದಾಗಲೆಲ್ಲ ಚೀಟಿಯ ಮೇಲೆ ಕಿಲೋಮೀಟರು ಬರೆದು ತರಬೇಕು. ತುಂಬಿದ ತೊಟ್ಟಿಯಿಂದ ತುಂಬಿದ ತೊಟ್ಟಿಯ ವರೆಗೆ ಓಡಿದ ದೂರವನ್ನು, ಎರಡನೆಯ ಸಲ ತುಂಬಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಎವರೇಜ್ ತಿಳಿಯುವದು; ಇದಕ್ಕೆ ಐದನೆಯ ಇಯತ್ತೆಯ ಗಣಿತ ಸಾಕು, ಅದೂ ಬಾರದಿದ್ದರೆ ಮೊಮ್ಮಗಳು ಇದ್ದಾಳೆ. ಚೀಟಿಗಳು ಅಡಿಗೆಮನೆಯ ಗೋಡೆಯ ತಂತಿಗೆ ಚುಚ್ಚಿಕೊಂಡು ತೂಗುತ್ತಿವೆ. ಮೊದಲ ತಿಂಗಳು ೪.೧ ಬಂದಿತ್ತು. ಎರಡನೆಯ ತಿಂಗಳು ೩.೬. ಆಕೆ ಏನೂ ಬೈಯಲಿಲ್ಲ. “ತಮ್ಮಾ, ರಾತ್ರಿ ಭಾಳ ಜೋರ ಹೊಡೀತಿ ಏನು?” ಎಂದು ರೊಟ್ಟಿ ಬಡಿಯುತ್ತಲೇ ಕೇಳಿದರಂತೆ. ಮೂರನೆಯ ತಿಂಗಳು ಮತ್ತೆ ೪ ಬಂದಿತು.

ಆ ತಿಂಗಳು ಮಗನು ನಿಪ್ಪಾಣಿಯಿಂದ ಕನ್ನಡಿಗೆ ಕಟ್ಟಲು ಕಪ್ಪು ಗೊಂಡೆಗಳ ಜೋಡಿ ತಂದು, ಅಳುಕುತ್ತ ತಾಯಿಯ ಮುಂದೆ ಇಟ್ಟನು. ಆಕೆ ಅವನ್ನು ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, “ಕಟ್ಟಿಕೋ ಹೋಗು,” ಎಂದರು.